ಎಲ್ಲರ ಮೇಜಿನ ಮೇಲೂ ಒಂದೇ ಪುಸ್ತಕ

"ಎಲ್ರ ಮೇಜಿನ ಮೇಲೂ ಇದೇ ಪುಸ್ತಕ ಐತಲ್ಲ, ಏನಮ್ಮಾ ಅದು?"

ಹೀಗೆ ಕೇಳಿದವರು ನಮ್ಮ ಲ್ಯಾಬಿನ ಕಸದ ಬುಟ್ಟಿ ಖಾಲಿ ಮಾಡಲು ಬಂದಿದ್ದ ಅಕ್ಕ. ಕೇಳಿದ್ದು ಕನ್ನಡದಲ್ಲಿ. ಊರು ಮಾತ್ರ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್. 2016ರ ಸೆಪ್ಟೆಂಬರ್ ಕೊನೆ. ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ, ಮೂರನೇ ವರ್ಷ. ಅಕ್ಕ ಆ ಬೇಸಿಗೆಯಿಂದ ನಮ್ಮ ಕಟ್ಟಡಕ್ಕೆ ಸಂಜೆ ಪಾಳಿಗೆ ಬರುತ್ತಿದ್ದರು. ಎರಡು ತಿಂಗಳು ನಾವಿಬ್ಬರೂ ಇಂಗ್ಲಿಷಿನಲ್ಲಿ ಗುಡ್ ಈವ್ನಿಂಗ್ ಹೇಳಿಕೊಂಡಿದ್ದೆವು, ಅಷ್ಟೇ. ಒಂದು ದಿನ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ಇಡುತ್ತಿದ್ದ ಹಾಗೆ ಹಿಂದಿನಿಂದ "ಊಟ ಆಯ್ತಾ?" ಅಂತ ದನಿ ಬಂತು. ತಿರುಗಿ ನೋಡಿದರೆ ಇವರು, ಕೈಯಲ್ಲಿ ಮಾಪು ಹಿಡಿದು ನಗುತ್ತಿದ್ದಾರೆ.

ಅಕ್ಕ ಟಿಬೆಟಿಯನ್ನರು. ಹುಟ್ಟಿದ್ದು ಬೈಲಕುಪ್ಪೆಯಲ್ಲಿ. ನನ್ನ ಊರು ಹುಣಸೂರಿನ ಕಡೆ, ಬಸ್ಸಿನಲ್ಲಿ ಒಂದು ಗಂಟೆ ದಾರಿ. ಚಳಿಗಾಲದಲ್ಲಿ ಸ್ವೆಟರ್ ಮಾರಲು ನಮ್ಮೂರಿಗೆ ಬರುತ್ತಿದ್ದ ಟಿಬೆಟಿಯನ್ನರನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅವರಲ್ಲಿ ಕೆಲವರು ಮ್ಯಾಡಿಸನ್ನಿಗೂ ಬಂದಿದ್ದಾರೆ ಅಂತ ಗೊತ್ತಿರಲಿಲ್ಲ. 1990ರ ಹೊತ್ತಿಗೆ ಅಮೆರಿಕ ಸರ್ಕಾರ ಭಾರತ ಮತ್ತು ನೇಪಾಳದಲ್ಲಿದ್ದ 1,000 ಟಿಬೆಟಿಯನ್ನರಿಗೆ ವೀಸಾ ಕೊಡುವ ಕಾನೂನು ಮಾಡಿತಂತೆ. ಹಾಗೆ ಬಂದವರು ನೆಲೆಸಿದ ಊರುಗಳಲ್ಲಿ ಮ್ಯಾಡಿಸನ್ ಕೂಡ ಒಂದು. ಅಕ್ಕನ ಗಂಡ ಮೊದಲು ಬಂದರು, ಆರು ವರ್ಷದ ನಂತರ ಅಕ್ಕ ಬಂದರು. ಅವರ ಕನ್ನಡ ಪಿರಿಯಾಪಟ್ಟಣದ ಸಂತೆಯ ಕನ್ನಡ. ಅದನ್ನು ಕೇಳುತ್ತಾ ನಿಂತರೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಪಕ್ಕ ನಿಂತ ಹಾಗೇ ಇರುತ್ತಿತ್ತು.

ಇನ್ನು ಆ ಪುಸ್ತಕ. ಅದು ನಿಜವಾಗಿಯೂ ನಮ್ಮ ಕಟ್ಟಡದ ಎಷ್ಟೋ ಮೇಜುಗಳ ಮೇಲಿತ್ತು. ನಾಲ್ಕು ಮಹಡಿ ಗುಡಿಸುವವರಿಗೆ ಅದು ಕಾಣುತ್ತೆ, ನಮಗೆ ಕಾಣಲ್ಲ. ನಮ್ಮ ನಮ್ಮ ಕೋಣೆ ಬಿಟ್ಟು ನಾವು ಎಲ್ಲಿಗೆ ಹೋಗುತ್ತೇವೆ ಹೇಳಿ?

ಮ್ಯಾಡಿಸನ್ನಿನಲ್ಲಿ 'ಗೋ ಬಿಗ್ ರೀಡ್' ಅಂತ ಒಂದು ಓದಿನ ಕಾರ್ಯಕ್ರಮ ಇದೆ. 2009ರಲ್ಲಿ ಆಗಿನ ಚಾನ್ಸಲರ್, ಅಂದ್ರೆ ವಿಶ್ವವಿದ್ಯಾಲಯದ ಮುಖ್ಯಸ್ಥೆ, ಬಿಡ್ಡಿ ಮಾರ್ಟಿನ್ ಅವರ ಕಾಲದಲ್ಲಿ ಶುರುವಾಯಿತು. ವರ್ಷಕ್ಕೆ ಒಂದು ಪುಸ್ತಕ. ವಿದ್ಯಾರ್ಥಿಗಳು, ಮೇಷ್ಟರುಗಳು, ಸಿಬ್ಬಂದಿ, ಊರಿನವರು, ಯಾರು ಬೇಕಾದರೂ ಒಂದು ಪುಸ್ತಕದ ಹೆಸರು ಸೂಚಿಸಬಹುದು. ಒಂದು ಸಮಿತಿ ಓದಿ ಪಟ್ಟಿ ಚಿಕ್ಕದು ಮಾಡುತ್ತೆ, ಕೊನೆಯ ಆಯ್ಕೆ ಚಾನ್ಸಲರ್ ಅವರದು. ಹೊಸದಾಗಿ ಸೇರುವ ಮೊದಲ ವರ್ಷದ ಮಕ್ಕಳನ್ನೆಲ್ಲ ಸೆಪ್ಟೆಂಬರಿನ ಆರಂಭದಲ್ಲಿ ಕೋಲ್ ಸೆಂಟರ್ ಅನ್ನುವ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣದಲ್ಲಿ ಸೇರಿಸಿ ಸ್ವಾಗತ ಸಮಾರಂಭ ಮಾಡುತ್ತಾರೆ. ಹೊರಗೆ ಬರುವಾಗ ಒಬ್ಬೊಬ್ಬರ ಕೈಗೂ ಪುಸ್ತಕ, ಉಚಿತವಾಗಿ. ಆಮೇಲೆ ತರಗತಿಗಳಲ್ಲಿ, ಹಾಸ್ಟೆಲುಗಳಲ್ಲಿ, ಊರಿನ ಲೈಬ್ರರಿಗಳಲ್ಲಿ ಅದರ ಮೇಲೆ ಮಾತುಕತೆ ನಡೆಯುತ್ತೆ. ಲೇಖಕರು ಬಂದು ಮಾತಾಡುತ್ತಾರೆ. ಒಂದು ಊರೆಲ್ಲ ಒಂದೇ ಪುಸ್ತಕ ಓದುವುದು ಅಮೆರಿಕದಲ್ಲಿ ಸುದ್ದಿಯಾಗಿದ್ದು 1998ರಲ್ಲಿ, ಸಿಯಾಟಲ್ ನಗರದ ಲೈಬ್ರರಿಯಲ್ಲಿ, ನ್ಯಾನ್ಸಿ ಪರ್ಲ್ ಅನ್ನುವ ಗ್ರಂಥಪಾಲಕಿಯಿಂದ. ಅಲ್ಲಿಂದ ಎಷ್ಟೋ ಊರು, ಎಷ್ಟೋ ಕಾಲೇಜು ಇದನ್ನು ಹಿಡಿದುಕೊಂಡವು.

2016ರ ಪುಸ್ತಕ ಮ್ಯಾಥ್ಯೂ ಡೆಸ್ಮಂಡ್ ಬರೆದ 'ಎವಿಕ್ಟೆಡ್'. ಡೆಸ್ಮಂಡ್ ಪಿಎಚ್.ಡಿ. ಮಾಡಿದ್ದು ಮ್ಯಾಡಿಸನ್ನಿನಲ್ಲೇ. ನಮ್ಮಿಂದ ಒಂದೂವರೆ ಗಂಟೆ ದೂರದ ಮಿಲ್ವಾಕಿ ನಗರದಲ್ಲಿ, ಬಾಡಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಎಂಟು ಕುಟುಂಬಗಳ ನಡುವೆ ಇದ್ದು ಬರೆದ ಪುಸ್ತಕ. ಕಥೆಯಲ್ಲ, ನಡೆದದ್ದು.

ನಾನು ಈ ಪುಸ್ತಕವನ್ನು ಲೈಬ್ರರಿಯಿಂದ ತಂದಿದ್ದಕ್ಕೆ ಒಂದು ಕಾರಣ ಇತ್ತು.

ಮ್ಯಾಡಿಸನ್ನಿನಲ್ಲಿ ಕ್ಯಾಂಪಸ್ ಸುತ್ತಮುತ್ತ ಬಾಡಿಗೆ ಕರಾರುಗಳು ಬಹುಪಾಲು ಆಗಸ್ಟ್ 14ಕ್ಕೆ ಮುಗಿಯುತ್ತವೆ. ಹೊಸ ಕರಾರು ಶುರುವಾಗುವುದು 15ಕ್ಕೆ. ನಡುವಿನ ಒಂದು ರಾತ್ರಿ ಸಾವಿರಾರು ಹುಡುಗ ಹುಡುಗಿಯರಿಗೆ ಮನೆ ಇರುವುದಿಲ್ಲ. ಸಾಮಾನು ಲಾರಿಯಲ್ಲಿ, ಗೆಳೆಯರ ಕಾರಿನಲ್ಲಿ, ಇಲ್ಲ ಅಂದ್ರೆ ಫುಟ್‌ಪಾತಿನಲ್ಲಿ. ಬೇಡವಾದ ಸೋಫಾ, ಮಂಚ, ದೀಪ, ಮೈಕ್ರೋವೇವ್ ಎಲ್ಲ ರಸ್ತೆ ಅಂಚಿಗೆ ಇಟ್ಟು ಹೋಗುತ್ತಾರೆ. ಬೇಕಾದವರು ಎತ್ತಿಕೊಂಡು ಹೋಗಬಹುದು. ಇದಕ್ಕೆ ಅಲ್ಲಿನವರು 'ಹಿಪ್ಪಿ ಕ್ರಿಸ್‌ಮಸ್' ಅಂತಾರೆ. ನನ್ನ ಓದುವ ಮೇಜು ಹಾಗೇ ಸಿಕ್ಕಿದ್ದು. ಆ ವರ್ಷ ನನಗೂ ಒಂದು ರಾತ್ರಿ ಮನೆ ಇರಲಿಲ್ಲ. ಎರಡು ಸೂಟ್‌ಕೇಸು, ಕುಕ್ಕರು, ಅಮ್ಮ ಕಳಿಸಿದ್ದ ಹುಳಿಪುಡಿ ಡಬ್ಬ ಇವಿಷ್ಟನ್ನು ಲ್ಯಾಬಿನ ಮೂಲೆಯಲ್ಲಿಟ್ಟು ಕುರ್ಚಿಯ ಮೇಲೆ ಬೆಳಗು ಮಾಡಿದೆ. ಅದರ ಮೇಲೆ ಹಳೆ ಮನೆಯವರು ಗೋಡೆಗೆ ಮೊಳೆ ಹೊಡೆದಿದ್ದಕ್ಕೆ ಇಷ್ಟು, ಕಾರ್ಪೆಟ್ ತೊಳೆಸಿದ್ದಕ್ಕೆ ಇಷ್ಟು ಅಂತ ಮುಂಗಡದಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಡಿದುಕೊಂಡರು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ದುಡ್ಡು ಅಂತ ಕಳೆದುಕೊಂಡವರಿಗೆ ಆ ಹೊಟ್ಟೆ ಉರಿ ಗೊತ್ತಿರುತ್ತೆ. ಹಾಗಾಗಿ ಮನೆ ಬಿಡಿಸುವ ಬಗ್ಗೆ ಒಂದು ಪುಸ್ತಕ ಅಂದ ತಕ್ಷಣ ಕೈಗೆತ್ತಿಕೊಂಡೆ.

ನಮ್ಮ ವಿಭಾಗದ ಕಚೇರಿ ನೋಡಿಕೊಳ್ಳುವ ಒಬ್ಬ ಹೆಂಗಸು ಇದ್ದರು. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ. ಯಾರ ಸಂಬಳ ಎಲ್ಲಿ ನಿಂತಿದೆ, ಯಾರ ಮಗುವಿಗೆ ಜ್ವರ, ಎಲ್ಲ ಅವರಿಗೆ ಗೊತ್ತು. ಅವರೇ ಒಂದು ಚೀಟಿ ಅಂಟಿಸಿದ್ದರು: ನಮ್ಮ ಕಟ್ಟಡದವರೆಲ್ಲ ಸೇರಿ ಓದೋಣ, ನಡೆಸಿಕೊಡಲು ಒಬ್ಬರು ಬೇಕು. ನಾನು ಹೋಗಿ ಒಪ್ಪಿಕೊಂಡೆ. ಆಗ ಅವರು 2009ರ ಮೊದಲ ವರ್ಷದ ಕಥೆ ಹೇಳಿದರು. ಆಗಿನ ಪುಸ್ತಕ ಮೈಕೆಲ್ ಪೋಲನ್ ಊಟದ ಬಗ್ಗೆ ಬರೆದದ್ದು, ದೊಡ್ಡ ಕಂಪನಿಗಳ ಆಹಾರ ಪದ್ಧತಿಯನ್ನು ಟೀಕಿಸುವಂಥದ್ದು. ವಿಸ್ಕಾನ್ಸಿನ್ ಅಂದ್ರೆ ಹಾಲು, ಚೀಸಿನ ನಾಡು. ರೈತರಿಗೆ ಸಿಟ್ಟು ಬಂತು. ಲೇಖಕರು ಕೋಲ್ ಸೆಂಟರಿಗೆ ಬಂದ ದಿನ ಸಾವಿರಾರು ಜನ ಸೇರಿದ್ದರು, ಅವರ ಮಧ್ಯೆ ರೈತರು ಹಸಿರು ಟೀ ಶರ್ಟ್ ಹಾಕಿಕೊಂಡು ಬಂದು ಕೂತಿದ್ದರು. "ನಮ್ಮಪ್ಪ ಹಸಿರು ಶರ್ಟಿನಲ್ಲಿ, ನಾನು ಪಕ್ಕದಲ್ಲಿ ಪುಸ್ತಕ ಹಿಡಿದುಕೊಂಡು. ಮನೆಗೆ ಹೋಗುವ ದಾರಿಯುದ್ದಕ್ಕೂ ಜಗಳ ಆಡಿದೆವು. ನಮ್ಮಪ್ಪ ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು" ಅಂದರು. ಈ ಕಾರ್ಯಕ್ರಮದಲ್ಲಿ ಅವರಿಗೆ ಯಾಕೆ ಅಷ್ಟು ಪ್ರೀತಿ ಅಂತ ನನಗೆ ಆಗ ಗೊತ್ತಾಯಿತು.

ಮೊದಲ ಸಭೆ ಕೆಟ್ಟದಾಗಿ ನಡೆಯಿತು. ತಪ್ಪು ನನ್ನದೇ. ಮಧ್ಯಾಹ್ನ 12ಕ್ಕೆ ಇಟ್ಟಿದ್ದೆ. ಹದಿನೈದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಏಳು ಜನ ಬಂದರು. ಆಲೂಗಡ್ಡೆ ರೋಗಗಳ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಒಬ್ಬ ಹಿರಿಯ ಪ್ರೊಫೆಸರ್, ಕಚೇರಿಯ ಆ ಹೆಂಗಸು, ಒಬ್ಬ ಲ್ಯಾಬ್ ಟೆಕ್ನಿಶಿಯನ್, ಇಬ್ಬರು ನನ್ನ ಹಾಗೆ ಪಿಎಚ್.ಡಿ.ಯವರು, ಇಬ್ಬರು ಮೊದಲ ವರ್ಷದ ಮಕ್ಕಳು. ನಾನು ಮೊದಲ ಪ್ರಶ್ನೆ ಕೇಳಿದೆ, ಪ್ರೊಫೆಸರ್ ಉತ್ತರ ಕೊಟ್ಟರು. ಎರಡನೆಯದು ಕೇಳಿದೆ, ಅದಕ್ಕೂ ಅವರೇ. ಮೂರನೆಯದಕ್ಕೆ ಪಿಎಚ್.ಡಿ.ಯವರಿಬ್ಬರು ಸರ್ಕಾರದ ನೀತಿ, ತೆರಿಗೆ, ಅಂಕಿ ಅಂಶ ಅಂತ ಶುರು ಮಾಡಿದರು. ಮೊದಲ ವರ್ಷದ ಹುಡುಗ ಚಿಪ್ಸ್ ಪ್ಯಾಕೆಟ್ಟಿನ ಮೇಲಿನ ಅಕ್ಷರ ಓದುತ್ತಿದ್ದ. ಹುಡುಗಿ ಗಡಿಯಾರ ನೋಡುತ್ತಿದ್ದಳು. ಆಮೇಲೆ ತಿಳಿಯಿತು, ಏಳು ಜನರಲ್ಲಿ ಪುಸ್ತಕ ಪೂರ್ತಿ ಓದಿದ್ದವರು ಇಬ್ಬರೇ. ಓದದವರು ಬಾಯಿ ಬಿಟ್ಟರೆ ಎಲ್ಲಿ ಸಿಕ್ಕಿಬೀಳುತ್ತೇವೋ ಅಂತ ಸುಮ್ಮನಿದ್ದರು. ಓದಿದವರು ಪರೀಕ್ಷೆ ಬರೆಯುವ ಹಾಗೆ ಮಾತಾಡಿದರು.

ಅವತ್ತು ಸಂಜೆ ಅಕ್ಕ ಕೇಳಿದ್ದು ಆ ಪ್ರಶ್ನೆ.

ನಾನು ಹೇಳಿದೆ, ಬಾಡಿಗೆ ಕಟ್ಟದವರನ್ನು ಮನೆಯಿಂದ ಆಚೆ ಹಾಕುವ ಬಗ್ಗೆ ಅಕ್ಕಾ ಅಂತ. ಅವರು ಮಾಪು ನಿಲ್ಲಿಸಿ ಯೋಚನೆ ಮಾಡಿದರು. "ಒಕ್ಕಲೆಬ್ಬಿಸೋದು ಅನ್ನು" ಅಂದರು.

ಆ ಪದ ನನಗೇ ಹೊಳೆದಿರಲಿಲ್ಲ. ಮೂರು ವಾರದಿಂದ ಇಂಗ್ಲಿಷ್ ಪದ ಹಿಡಿದುಕೊಂಡು ಓಡಾಡುತ್ತಿದ್ದೆ. ಒಕ್ಕಲು ಅಂದ್ರೆ ನೆಲೆ ನಿಂತ ಮನೆತನ, ಆ ನೆಲದಲ್ಲಿ ದುಡಿದು ತಿನ್ನುವವರು. ಎಬ್ಬಿಸುವುದು ಅಂದ್ರೆ ಕೂತವರನ್ನು, ಮಲಗಿದವರನ್ನು ಏಳಿಸುವುದು. ನನ್ನ ಅಜ್ಜನ ಬಾಯಲ್ಲಿ ಗೇಣಿ ಜಮೀನಿನ ಮಾತು ಬಂದಾಗ ಕೇಳಿದ್ದ ಪದ. ಬೈಲಕುಪ್ಪೆಯ ಅಕ್ಕ ಅದನ್ನು ನನಗೆ ಮ್ಯಾಡಿಸನ್ನಿನಲ್ಲಿ ವಾಪಸ್ ಕೊಟ್ಟರು. ಆಮೇಲೆ ಬುಟ್ಟಿಗೆ ಹೊಸ ಪ್ಲಾಸ್ಟಿಕ್ ಚೀಲ ಹಾಕುತ್ತಾ ಹೇಳಿದರು, "ನಮ್ಮಪ್ಪ ಅಮ್ಮನ್ನ ದೇಶದಿಂದಲೇ ಒಕ್ಕಲೆಬ್ಬಿಸಿದ್ರಲ್ಲ. ಐವತ್ತೊಂಬತ್ತರಲ್ಲಿ."

ನಾನು ಪುಸ್ತಕ ಅವರ ಕೈಗೆ ಕೊಟ್ಟೆ. ಇಂಗ್ಲಿಷ್ ಓದಲು ಬರುತ್ತೆ, ಆದರೆ ನಿಧಾನ ಅಂದರು. ಸಭೆಗೆ ಬನ್ನಿ ಅಂದೆ. ಮಧ್ಯಾಹ್ನ 12 ಅಂದ್ರೆ ಅವರು ನಿದ್ದೆಯಿಂದ ಎದ್ದು ಅಡುಗೆ ಮಾಡುವ ಹೊತ್ತು, ಬರಲಾಗಲ್ಲ ಅಂದರು. ಹಾಗಾದರೆ ಯಾವಾಗ ಆಗುತ್ತೆ? ಪಾಳಿ ಶುರುವಾಗುವುದು 5ಕ್ಕೆ, 4ಕ್ಕೆ ಬರಬಹುದು ಅಂದರು.

ಸಭೆ 4 ಗಂಟೆಗೆ ಬದಲಾಯಿತು. ಕಚೇರಿಯ ಹೆಂಗಸು ಒಂದೇ ಮಾತಿಗೆ ಒಪ್ಪಿದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಉಳಿದವರೆಲ್ಲ ಕೆಲಸದ ಹೊತ್ತಿನಲ್ಲಿ ಬಂದು ಕೂರುತ್ತಿದ್ದರು. ಅಕ್ಕ ಬರುತ್ತಿದ್ದದ್ದು ತಮ್ಮ ಸ್ವಂತ ಹೊತ್ತಿನಲ್ಲಿ, ಮನೆಯಿಂದ ಒಂದು ಗಂಟೆ ಮುಂಚೆ ಹೊರಟು. ಅದನ್ನು ಸರಿಪಡಿಸುವ ದಾರಿ ನಾನು ಹುಡುಕಬೇಕಿತ್ತು, ಹುಡುಕಲಿಲ್ಲ. ಯಾರಾದರೂ ಇಂಥ ಓದು ಶುರು ಮಾಡುವವರಿದ್ದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಎಲ್ಲರಿಗಿಂತ ಕಡಿಮೆ ಪುರಸೊತ್ತು ಇರುವವರು ಯಾರು, ಅವರಿಗೆ ಯಾವ ಹೊತ್ತು ಆಗುತ್ತೆ. ಪುಸ್ತಕದ ಆಯ್ಕೆ ಎಲ್ಲ ಆಮೇಲೆ.

ಇನ್ನೊಂದು ಬದಲಾವಣೆ ಮಾಡಿದೆ. ಪ್ರಶ್ನೆಗಳ ಹಾಳೆ ಮನೆಯಲ್ಲೇ ಬಿಟ್ಟೆ. ನಮ್ಮ ಊರಿನಲ್ಲಿ ಶ್ರಾವಣದಲ್ಲಿ ಭಾರತ ಓದಿಸುತ್ತಿದ್ದರು. ಗಮಕ. ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಕೇಳುವವರಲ್ಲಿ ಅಕ್ಷರ ಬಾರದ ನನ್ನ ಅಜ್ಜಿಯೂ ಇರುತ್ತಿದ್ದರು, ಶಾಲೆ ಮೇಷ್ಟರೂ ಇರುತ್ತಿದ್ದರು. ಯಾರೂ ಮೊದಲೇ ಓದಿಕೊಂಡು ಬರಬೇಕಾಗಿರಲಿಲ್ಲ. ಅಲ್ಲೇ ಕೇಳಿ, ಅಲ್ಲೇ ಮಾತಾಡಿ, ಅಲ್ಲೇ ಅತ್ತು ಎದ್ದು ಹೋಗುತ್ತಿದ್ದರು. ಅದನ್ನೇ ಇಲ್ಲಿ ಮಾಡೋಣ ಅನಿಸಿತು. ಮನೆಯಲ್ಲಿ ಓದಿದ್ದರೆ ಸರಿ, ಇಲ್ಲದಿದ್ದರೂ ಸರಿ. ಸಭೆಯಲ್ಲಿ ಎರಡು ಪುಟ ಗಟ್ಟಿಯಾಗಿ ಓದುವುದು, ಆಮೇಲೆ ಯಾರಿಗೆ ಏನು ಅನಿಸಿತೋ ಅದು.

ಎರಡನೇ ಸಭೆಗೆ ಹತ್ತಿರದ ಬ್ಯಾಬ್‌ಕಾಕ್ ಡೇರಿಯಿಂದ ಐಸ್‌ಕ್ರೀಂ ತಂದಿದ್ದೆವು. ಅಲ್ಲಿ ಮಾಡುವ ಐಸ್‌ಕ್ರೀಂ ಅಂದ್ರೆ ಕ್ಯಾಂಪಸ್ಸಿಗೆಲ್ಲ ಪ್ರಾಣ. ಮೊದಲು ಓದಿದವಳು ಆ ಮೊದಲ ವರ್ಷದ ಹುಡುಗಿ. ಅವಳು ಮಿಲ್ವಾಕಿಯವಳು ಅಂತ ನಮಗೆ ಗೊತ್ತಾಗಿದ್ದೇ ಆಗ. ರಸ್ತೆಗಳ ಹೆಸರು ಬಂದಾಗೆಲ್ಲ ಅವಳ ನಾಲಿಗೆ ಸಲೀಸಾಗಿ ಹೊರಳುತ್ತಿತ್ತು. ಪುಸ್ತಕದ ಆರಂಭದಲ್ಲಿ ಒಬ್ಬ ಹುಡುಗ ಹೋಗುತ್ತಿರುವ ಕಾರಿಗೆ ಹಿಮದ ಉಂಡೆ ಎಸೆಯುತ್ತಾನೆ. ಕಾರಿನವನು ಇಳಿದು ಅಟ್ಟಿಸಿಕೊಂಡು ಬಂದು ಮನೆ ಬಾಗಿಲು ಒದ್ದು ಮುರಿಯುತ್ತಾನೆ. ಬಾಗಿಲು ಮುರಿದದ್ದಕ್ಕೆ ಮನೆ ಮಾಲೀಕರು ಆ ತಾಯಿಯನ್ನೂ ಎರಡು ಮಕ್ಕಳನ್ನೂ ಮನೆ ಖಾಲಿ ಮಾಡಿಸುತ್ತಾರೆ. ಆ ತಾಯಿಯ ಹೆಸರು ಪುಸ್ತಕದಲ್ಲಿ ಆರ್ಲೀನ್. ಆಮೇಲೆ ಅವಳಿಗೆ ಸಿಗುವ ಒಂದು ಮನೆಗೆ ಬಾಡಿಗೆ ತಿಂಗಳಿಗೆ 550 ಡಾಲರ್. ಅವಳಿಗೆ ಬರುವ ಸರ್ಕಾರಿ ನೆರವು 628 ಡಾಲರ್.

ಹುಡುಗಿ ಓದಿ ನಿಲ್ಲಿಸಿದಳು. ಯಾರೂ ಮಾತಾಡಲಿಲ್ಲ. ಮೊದಲ ಸಭೆಯಲ್ಲೂ ಹೀಗೆ ಆಗಿತ್ತು, ಆದರೆ ಆಗಿನ ಮೌನ ಬೇರೆ. ಆ ಹುಡುಗ, ಚಿಪ್ಸ್ ಪ್ಯಾಕೆಟ್ಟಿನವನು, ನಿಧಾನಕ್ಕೆ ಕೇಳಿದ: "ಒಂದು ಹಿಮದ ಉಂಡೆಗೆ?"

"ಉಂಡೆಗಲ್ಲ, ಬಾಗಿಲಿಗೆ" ಅಂದಳು ಹುಡುಗಿ.

ಅವನು ಹಾಲಿನ ಫಾರ್ಮಿನ ಮನೆಯಿಂದ ಬಂದವನು. ಬಾಡಿಗೆ ಮನೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಆದರೆ ತನ್ನ ಚಿಕ್ಕಪ್ಪನ ಹಸುಗಳನ್ನು ಹರಾಜು ಹಾಕಿದ ದಿನದ ಬಗ್ಗೆ ಹೇಳಿದ. ಅಕ್ಕಪಕ್ಕದ ಫಾರ್ಮಿನವರೆಲ್ಲ ಅಂಗಳಕ್ಕೆ ಬಂದು ನಿಂತಿದ್ದರಂತೆ. ಯಾರೂ ಚಿಕ್ಕಪ್ಪನ ಮುಖ ನೋಡುತ್ತಿರಲಿಲ್ಲವಂತೆ. ಒಂದೊಂದೇ ಹಸುವನ್ನು ಹೊರಗೆ ತರುವಾಗ ಚಿಕ್ಕಪ್ಪ ಅದರ ಹೆಸರು ಹೇಳುತ್ತಿದ್ದರಂತೆ, ಹರಾಜಿನವರು ನಂಬರ್ ಸಾಕು ಅಂದರೂ ಬಿಡದೆ. ಅದನ್ನು ಹೇಳುವಾಗ ಅವನ ಕಿವಿ ಕೆಂಪಾಯಿತು. ಪ್ರೊಫೆಸರ್ ಅವತ್ತು ಒಂದು ಮಾತೂ ಆಡಲಿಲ್ಲ. ತಮ್ಮ ಐಸ್‌ಕ್ರೀಂ ಕಪ್ಪನ್ನು ಅವನ ಕಡೆ ತಳ್ಳಿದರು, ಅಷ್ಟೇ.

ಮೂರನೇ ಸಭೆಯಲ್ಲಿ ಓದಿದ್ದು ಮನೆ ಖಾಲಿ ಮಾಡಿಸುವ ಭಾಗ. ಪೊಲೀಸರು, ಸಾಮಾನು ಎತ್ತುವ ಕೂಲಿಯವರು ಬರುತ್ತಾರೆ. ಅವರು ಕೇಳುವುದು ಒಂದೇ: ಲಾರಿಗೋ, ಫುಟ್‌ಪಾತಿಗೋ? ಲಾರಿಗೆ ಅಂದರೆ ಸಾಮಾನು ಗೋಡೌನಿಗೆ ಹೋಗುತ್ತೆ, ಬಿಡಿಸಿಕೊಳ್ಳಲು ದುಡ್ಡು ಕಟ್ಟಬೇಕು. ಫುಟ್‌ಪಾತಿಗೆ ಅಂದರೆ ಹಾಸಿಗೆ, ಪಾತ್ರೆ, ಮಕ್ಕಳ ಆಟದ ಸಾಮಾನು ಎಲ್ಲ ರಸ್ತೆಯಂಚಿಗೆ. ಮಿಲ್ವಾಕಿಯಲ್ಲಿ ಬಾಡಿಗೆ ಮನೆಗಳೇ 1,05,000ಕ್ಕಿಂತ ಕಡಿಮೆ, ಅಂಥ ಊರಲ್ಲಿ ವರ್ಷಕ್ಕೆ ಸುಮಾರು 16,000 ಜನರನ್ನು, ಮಕ್ಕಳೂ ಸೇರಿ, ಹೀಗೆ ಆಚೆ ಹಾಕುತ್ತಾರೆ ಅಂತ ಪುಸ್ತಕ ಹೇಳುತ್ತೆ.

ಆಗ ಟೆಕ್ನಿಶಿಯನ್ ತನ್ನ ಮನೆಯ ಸೋಫಾದ ಬಗ್ಗೆ ಹೇಳಿದ. ಆಗಸ್ಟಿನಲ್ಲಿ ರಸ್ತೆಯಿಂದ ಎತ್ತಿಕೊಂಡು ಬಂದದ್ದು. ನಾನು ನನ್ನ ಮೇಜಿನ ಬಗ್ಗೆ ಹೇಳಿದೆ. ಎಲ್ಲರ ಮುಖದಲ್ಲೂ ಸ್ವಲ್ಪ ನಗು ಬಂತು. ಪ್ರತಿಯೊಬ್ಬರ ಹತ್ತಿರವೂ ಹಾಗೆ ಸಿಕ್ಕ ಒಂದು ದೀಪ, ಒಂದು ಕುರ್ಚಿ ಇತ್ತು. ಮಿಲ್ವಾಕಿಯ ಹುಡುಗಿ ಮಾತ್ರ ನಗಲಿಲ್ಲ. "ನಮ್ಮ ಬೀದಿಯಲ್ಲಿ ಯಾರ ಮನೆ ಮುಂದಾದರೂ ಹಾಗೆ ಸಾಮಾನು ಬಿದ್ದಿದ್ದರೆ ನಮ್ಮಮ್ಮ ಆಚೆ ಫುಟ್‌ಪಾತಿಗೆ ದಾಟಿಸುತ್ತಿದ್ದಳು. ನೋಡಬಾರದು, ಅವರಿಗೆ ನಾಚಿಕೆ ಆಗುತ್ತೆ ಅನ್ನುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಗೆಳತಿಯರು ಆಗಸ್ಟಿನ ಫೋಟೋ ತೋರಿಸಿದರು. ರಾಶಿ ರಾಶಿ ಸಾಮಾನು, ಅದರ ಮೇಲೆ ಕೂತು ನಗುತ್ತಿದ್ದಾರೆ. ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ" ಅಂದಳು.

ಇಷ್ಟು ದಿನ ನಾನು ಆ ಒಂದು ರಾತ್ರಿಯನ್ನು ಮನೆ ಇಲ್ಲದ ರಾತ್ರಿ ಅಂತ ಎಷ್ಟು ಜನಕ್ಕೆ ಹೇಳಿಕೊಂಡಿದ್ದೆನೋ. ನನ್ನ ಕೈಯಲ್ಲಿ ಮಾರನೇ ದಿನದ ಬೀಗದ ಕೈ ಇತ್ತಲ್ಲ. ಅದು ನನಗೆ ಆ ಕೋಣೆಯಲ್ಲಿ ಕೂತಾಗ ಹೊಳೆಯಿತು, ಒಬ್ಬಳೇ ಓದುವಾಗ ಹೊಳೆದಿರಲಿಲ್ಲ. ಒಬ್ಬಳೇ ಓದುವಾಗ ನಾನು ನನ್ನನ್ನು ಆರ್ಲೀನಳ ಪಕ್ಕದಲ್ಲೇ ನಿಲ್ಲಿಸಿಕೊಂಡು ಓದಿದ್ದೆ.

ಅಕ್ಕ ಅವತ್ತೇ ಮೊದಲ ಸಲ ಸಭೆಯಲ್ಲಿ ಬಾಯಿ ಬಿಟ್ಟಿದ್ದು. ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿ. ಬೈಲಕುಪ್ಪೆಯಲ್ಲಿ ಮೊದಲು ಬಂದವರಿಗೆ ಕಾಡು ಕಡಿದು ಜಮೀನು ಮಾಡಿಕೊಳ್ಳಿ ಅಂತ ಕೊಟ್ಟಿದ್ದರು, ಡೇರೆಯಲ್ಲಿ, ಬಿದಿರಿನ ಗುಡಿಸಲಲ್ಲಿ ಇದ್ದರು, ರಾತ್ರಿ ಆನೆ ಬರುತ್ತಿದ್ದವು, ಬೆಳೆ ಅಂದ್ರೆ ಮುಸುಕಿನ ಜೋಳ. ಅವರಪ್ಪನಿಗೆ ಮರಗೆಲಸ ಬರುತ್ತಿತ್ತು. ಟಿಬೆಟ್ಟಿನಿಂದ ಹೊತ್ತು ತಂದದ್ದು ಏನೂ ಇರಲಿಲ್ಲ, ಕೈಕಸುಬು ಒಂದೇ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ "ಆ ಪದ ಹೇಳು ಇವ್ರಿಗೆ" ಅಂದರು. ನಾನು ಒಕ್ಕಲೆಬ್ಬಿಸುವುದು ಅನ್ನುವುದನ್ನು ಬಿಡಿಸಿ ಹೇಳಿದೆ. ಪ್ರೊಫೆಸರ್ ಎದ್ದು ಹೋಗಿ ಬೋರ್ಡಿನ ಮೇಲೆ ಅದನ್ನು ತಮಗೆ ಕೇಳಿಸಿದ ಹಾಗೆ ಬರೆದರು. ಎರಡು ವಾರ ಯಾರೂ ಅದನ್ನು ಅಳಿಸಲಿಲ್ಲ. ಅಕ್ಕ ಬೋರ್ಡ್ ಒರೆಸುವಾಗ ಆ ಮೂಲೆ ಬಿಟ್ಟು ಒರೆಸುತ್ತಿದ್ದರು.

ಎಲ್ಲ ಸುಲಭವಾಗಿ ಹೋಯಿತು ಅಂತಲ್ಲ. ನಾಲ್ಕನೇ ಸಭೆಯಲ್ಲಿ ಪ್ರೊಫೆಸರ್ ತಮ್ಮದೂ ಒಂದು ಬಾಡಿಗೆ ಮನೆ ಇದೆ ಅಂದರು. ವಿದ್ಯಾರ್ಥಿಗಳಿಗೆ ಕೊಟ್ಟಿದ್ದಾರೆ. ಚಳಿಗಾಲದಲ್ಲಿ ಹೀಟರ್ ಕೆಟ್ಟರೆ ರಿಪೇರಿಗೆ ಎಷ್ಟು ಬೀಳುತ್ತೆ, ಬ್ಯಾಂಕಿನ ಸಾಲ, ತೆರಿಗೆ, ಎರಡು ತಿಂಗಳು ಬಾಡಿಗೆ ಬರದಿದ್ದರೆ ಏನಾಗುತ್ತೆ, ಎಲ್ಲ ಹೇಳಿದರು. ಕಚೇರಿಯ ಹೆಂಗಸಿಗೆ ಸಿಟ್ಟು ಬಂತು. "ಮುಂಗಡ ಎಷ್ಟು ವಾಪಸ್ ಕೊಡ್ತೀರಿ?" ಅಂತ ನೇರವಾಗಿ ಕೇಳಿಬಿಟ್ಟರು. ಇಪ್ಪತ್ತು ವರ್ಷದಿಂದ ಅವರ ಪ್ರವಾಸದ ಬಿಲ್ಲುಗಳಿಗೆ ಸೀಲು ಹಾಕುತ್ತಿದ್ದವರು, ಎಲ್ಲರೆದುರು ಅವರಿಗೆ ಹೀಗೆ ಕೇಳಿದ್ದು ಅದೇ ಮೊದಲಿರಬೇಕು. ಪ್ರೊಫೆಸರ್ ಕೆಂಪಾದರು. ನಾನು ನಡುವೆ ಬಾಯಿ ಹಾಕಿ ತಣ್ಣಗೆ ಮಾಡಬೇಕಿತ್ತೇನೋ. ಹಾಕಲಿಲ್ಲ, ನನಗೂ ಆ ಉತ್ತರ ಬೇಕಿತ್ತು. ಕೊನೆಗೆ ಅವರು ಹೇಳಿದರು, ಅದನ್ನೆಲ್ಲ ಒಂದು ಏಜೆನ್ಸಿಗೆ ಬಿಟ್ಟಿದ್ದೇನೆ, ಎಷ್ಟು ಹಿಡಿಯುತ್ತಾರೆ ಅಂತ ನಾನು ಕೇಳಿಲ್ಲ. ಕೇಳಿಲ್ಲ ಅನ್ನುವ ಮಾತನ್ನು ಎರಡು ಸಲ ಹೇಳಿದರು.

ಮುಂದಿನ ವಾರ ಅವರು ಬರುವುದಿಲ್ಲ ಅಂದುಕೊಂಡೆವು. ಬಂದರು. ಆ ವಿಷಯ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅವತ್ತು ಓದುವ ಸರದಿ ಅವರದು. ಅವರ ದನಿ ಅಷ್ಟು ಚೆನ್ನಾಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ನವೆಂಬರ್ ಬಂತು, ಅಮೆರಿಕದ ಅಧ್ಯಕ್ಷರ ಚುನಾವಣೆ ಬಂತು. ವಿಸ್ಕಾನ್ಸಿನ್ ಎರಡು ಭಾಗವಾಗಿ ಸೀಳಿದ ಹಾಗಿತ್ತು. ಫಲಿತಾಂಶದ ಮಾರನೇ ದಿನ ಕಾರಿಡಾರಿನಲ್ಲಿ ಜನ ಒಬ್ಬರಿಗೊಬ್ಬರು ಕಣ್ಣು ತಪ್ಪಿಸಿ ನಡೆಯುತ್ತಿದ್ದರು. ನಮ್ಮ ಗುಂಪಿನಲ್ಲೂ ಎರಡೂ ಕಡೆಯವರಿದ್ದರು ಅಂತ ನನಗೆ ಅಂದಾಜಿತ್ತು. ಆ ವಾರ ಸಭೆ ಬೇಡವೇನೋ ಅಂತ ಕೇಳಿದೆ. ಕಚೇರಿಯ ಹೆಂಗಸು ಬೇಕು ಅಂದರು. ಎಲ್ಲರೂ ಬಂದರು. ಯಾರೂ ಚುನಾವಣೆ ಮಾತು ಆಡಲಿಲ್ಲ. ಎರಡು ಪುಟದ ಬದಲು ಹನ್ನೆರಡು ಪುಟ ಓದಿದೆವು, ಒಬ್ಬರಾದ ಮೇಲೆ ಒಬ್ಬರು, ಪುಸ್ತಕ ಕೈಯಿಂದ ಕೈಗೆ ದಾಟಿಸುತ್ತಾ. 5 ಗಂಟೆಗೆ ಅಕ್ಕ ಎದ್ದು ಪಾಳಿಗೆ ಹೋದರು. ಉಳಿದವರು ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆವು.

ಲೇಖಕರು ಬಂದು ಮಾತಾಡಿದ ದಿನ ಗುಂಪಿನವರೆಲ್ಲ ಹೋದರು. ಅಕ್ಕನಿಗೆ ಪಾಳಿ ಇತ್ತು. ನಾನು ಹೋಗಲಿಲ್ಲ. ಅವರ ಬಿಡುವಿನ ಹೊತ್ತಿನಲ್ಲಿ ಲ್ಯಾಬಿನಲ್ಲೇ ಕೂತು ಒಂದು ಅಧ್ಯಾಯ ಓದಿದೆವು. ಅವರು ಬೆರಳಿಟ್ಟು ಇಂಗ್ಲಿಷ್ ಓದುವುದು, ಸಿಕ್ಕಿಕೊಂಡ ಕಡೆ ನಾನು ಕನ್ನಡದಲ್ಲಿ ಹೇಳುವುದು. ವಾಚನ, ವ್ಯಾಖ್ಯಾನ. ಅವರು ಥರ್ಮಾಸಿನಲ್ಲಿ ಬೆಣ್ಣೆ ಹಾಕಿದ ಉಪ್ಪು ಚಹಾ ತಂದಿದ್ದರು. ನನಗೆ ಅದು ಕುಡಿಯಲು ಕಷ್ಟ, ಆದರೂ ಕುಡಿದೆ.

ಇದೆಲ್ಲ ಆಗಿದ್ದರಿಂದ ಯಾರ ಜೀವನವೂ ತಲೆಕೆಳಗಾಗಲಿಲ್ಲ. ಆದರೆ ಕೆಲವು ಬದಲಾವಣೆ ನಾನು ಕಣ್ಣಾರೆ ನೋಡಿದೆ. ಮೊದಲೆಲ್ಲ ಅಕ್ಕ ಕೋಣೆಗೆ ಬಂದರೆ ಜನ ಕಾಲು ಎತ್ತಿ ಜಾಗ ಕೊಡುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ಈಗ ತಲೆ ಎತ್ತುತ್ತಿದ್ದರು, ಹೆಸರು ಹಿಡಿದು ಕರೆಯುತ್ತಿದ್ದರು. ಆ ಫಾರ್ಮಿನ ಹುಡುಗ ಪರೀಕ್ಷೆಗೆ ಓದಲು ನಮ್ಮ ಕಟ್ಟಡಕ್ಕೇ ಬರಲು ಶುರು ಮಾಡಿದ. ಮಿಲ್ವಾಕಿಯ ಹುಡುಗಿ ಕ್ರಿಸ್‌ಮಸ್ ರಜೆಯಲ್ಲಿ ಪುಸ್ತಕ ಮನೆಗೆ ಒಯ್ದು ಅವಳಮ್ಮನಿಗೆ ಓದಿ ಹೇಳಿದಳಂತೆ. ಅವಳಮ್ಮ ಒಂದು ರಸ್ತೆಯ ಹೆಸರು ಬಂದಾಗ ಸಾಕು ನಿಲ್ಲಿಸು ಅಂದರಂತೆ. ಮಾರನೇ ದಿನ ತಾವೇ ಮುಂದೆ ಓದು ಅಂದರಂತೆ.

ಭಾರತದಿಂದ ಗೆಳೆಯರು ಕೇಳುತ್ತಾರೆ, ನಮ್ಮ ಕಾಲೇಜಿನಲ್ಲಿ ಇಂಥದ್ದು ಮಾಡಬಹುದಾ ಅಂತ. ಖಂಡಿತ ಮಾಡಬಹುದು. ಸಾವಿರಾರು ಪ್ರತಿ ಹಂಚುವ ದುಡ್ಡು ಇರಲ್ಲ, ಬೇಕಾಗಿಯೂ ಇಲ್ಲ. ಹತ್ತು ಜನಕ್ಕೆ ಮೂರು ಪ್ರತಿ ಸಾಕು, ಗಟ್ಟಿಯಾಗಿ ಓದುವುದಾದರೆ ಒಂದೇ ಸಾಕು. ಅಟೆಂಡರ್, ಮೆಸ್ಸಿನ ಅಡುಗೆಯವರು, ಗೇಟಿನ ಸೆಕ್ಯುರಿಟಿಯವರು ಬರುವ ಹೊತ್ತು ನೋಡಿ ಇಡಿ. ಕಾರ್ಯಕ್ರಮದ ಉದ್ಘಾಟನೆ, ಹಾರ, ವೇದಿಕೆ ಏನೂ ಇಡಬೇಡಿ. ಕುರ್ಚಿ ಸುತ್ತಲೂ ಹಾಕಿ. ನಡೆಸಿಕೊಡುವವರು ಆದಷ್ಟು ಕಡಿಮೆ ಮಾತಾಡಲಿ. ಮಾತಿಲ್ಲದೆ ಎರಡು ನಿಮಿಷ ಕಳೆದರೆ ಗಾಬರಿಯಾಗಿ ಪ್ರಶ್ನೆ ಕೇಳಬೇಡಿ, ಸುಮ್ನೆ ಕೂತಿರಿ.

ಸಭೆಗಳು ಡಿಸೆಂಬರಿಗೆ ಮುಗಿದವು. ಅಕ್ಕನ ಓದು ಮುಗಿದದ್ದು 2017ರ ಏಪ್ರಿಲಿನಲ್ಲಿ. ಆ ತಿಂಗಳೇ ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು, ನಾನು ಹೇಳಿದಾಗ ಅವರು "ಹೌದಾ, ಒಳ್ಳೇದಾಯ್ತು" ಅಂದರು. ದಿನಕ್ಕೆ ಎರಡು ಪುಟ, ಮೂರು ಪುಟ ಅಂತ ಏಳು ತಿಂಗಳು ಓದಿದ್ದರು. ಲೈಬ್ರರಿಗೆ ನಾನು ಅದನ್ನು ಎಷ್ಟು ಸಲ ರಿನ್ಯೂ ಮಾಡಿಸಿದೆನೋ ಲೆಕ್ಕವಿಲ್ಲ. ವಾಪಸ್ ಕೊಡುವಾಗ ಅದರೊಳಗೆ ಗುರುತಿಗೆ ಇಟ್ಟಿದ್ದ ಬಸ್ಸಿನ ಚೀಟಿ ಹಾಗೇ ಇತ್ತು. ಬಿಳಿ ಹಾಳೆಯ ಅಂಚುಗಳು ಅವರ ಬೆರಳಿನಿಂದ ಸ್ವಲ್ಪ ಮಾಸಿದ್ದವು.

"ಆ ಹುಡುಗ ಏನಾದ್ನಮ್ಮಾ?" ಅಂದರು.

"ಯಾವ ಹುಡುಗ ಅಕ್ಕಾ?"

"ಅದೇ, ಮೊದಲಲ್ಲಿ ಮಂಜು ಎಸೆದನಲ್ಲ. ಕೊನೇಲಿ ಬಡಗಿ ಆಗ್ತೀನಿ, ಅಮ್ಮಂಗೆ ಮನೆ ಕಟ್ಟಿಕೊಡ್ತೀನಿ ಅಂತಾನಲ್ಲ. ಆದ್ನಾ?"

ನನಗೆ ಗೊತ್ತಿಲ್ಲ ಅಕ್ಕಾ ಅಂದೆ. ಅವರು ಬಸ್ಸಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡರು. "ಬಡಗಿ ಕೆಲಸ ಕಷ್ಟ ಕಣಮ್ಮ, ಆದ್ರೆ ಕಲ್ತರೆ ಬಿಟ್ಟು ಹೋಗಲ್ಲ" ಅಂದರು. ಆಮೇಲೆ ಕಸದ ಬುಟ್ಟಿ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದರು. ಅಲ್ಲಿ ಪ್ರೊಫೆಸರ್ ಅವರಿಗೂ ಅದೇ ಪ್ರಶ್ನೆ ಕೇಳುತ್ತಿದ್ದದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು.